ಕೊಸರಿನ ಐದನೆಯ ಅರ್ಥ

ಸೋಮವಾರ ಬೆಳಿಗ್ಗೆ ಅವಳ ಮೇಜಿಗೆ ಬಂದ ಚೀಟಿಗಳ ಕಟ್ಟಿನ ಮೇಲೆ ‘ಕೊಸರು’ ಎಂದು ಬರೆದಿತ್ತು. ಯಾರೂ ಬೇಕೆಂದು ಅವಳಿಗೇ ಕೊಟ್ಟದ್ದಲ್ಲ. ನಿಘಂಟಿನ ಕಚೇರಿಯಲ್ಲಿ ಪದಗಳು ಸರದಿಯ ಮೇಲೆ ಬರುತ್ತವೆ, ಯಾರ ಪಾಲಿಗೆ ಯಾವುದು ಬಂತೋ ಅದು. ಹನ್ನೊಂದು ವರ್ಷ ಏಗಿ ಕಚೇರಿ ‘ಕ’ ಅಕ್ಷರದ ಬಾಲ ಹಿಡಿದಿತ್ತು. ಚೀಟಿಗಳ ಖಾನೆಗಳನ್ನು ನೋಡಿಕೊಳ್ಳುವ ಹಿರಿಯಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಗೋಡೆಯ ತುಂಬ ಚಾವಣಿ ಮುಟ್ಟುವ ಮರದ ಖಾನೆಗಳು, ಅವಕ್ಕೆ ಒರಗಿಸಿದ ಒಂದು ಕಾಲು ಗಿಡ್ಡವಾದ ಏಣಿ. ಅಕ್ಕ ಆ ಏಣಿ ಹತ್ತುವಾಗೆಲ್ಲ, “ಕ ಮುಗಿಯೋದ್ರೊಳಗೆ ನಾನು ಮುಗೀತೀನಿ, ಳ ತನಕ ಹೋಗೋರು ನೀವು ಪುಣ್ಯವಂತರು,” ಎನ್ನುವಳು.

ಕಚೇರಿಗೆ ಒಂದು ನಿಯಮವಿತ್ತು: ಎರಡು ಮನೆ, ಎರಡು ಬಾಯಿ. ಒಂದು ಪದಕ್ಕೆ ಒಂದು ಅರ್ಥ ಇದೆ ಎಂದು ಅಚ್ಚು ಹಾಕಬೇಕಾದರೆ ಬೇರೆ ಬೇರೆ ಮನೆಯ ಇಬ್ಬರು ಅದನ್ನು ಆಡಿರಬೇಕು, ಇಲ್ಲವೇ ಕಿವಿಯಾರೆ ಕೇಳಿರಬೇಕು. ಹಿಂದೊಮ್ಮೆ ಯಾರೋ ಪುಣ್ಯಾತ್ಮ ತನ್ನ ಮಾವನ ಮನೆಯಲ್ಲಿ ಮಾತ್ರ ನಡೆಯುವ ಒಂದು ಚೇಷ್ಟೆಯ ಮಾತನ್ನು ನಿಘಂಟಿಗೆ ತುರುಕಿದ್ದನಂತೆ. ಓದುಗರಿಂದ ಮೂಟೆಗಟ್ಟಲೆ ಕಾಗದ ಬಂತು, ಇದು ಯಾವ ಮನೆಯ ಭಾಷೆ ಸ್ವಾಮಿ ಎಂದು. ಅವತ್ತಿನಿಂದ ನಿಯಮ ಬಿಗಿಯಾಯಿತು. ಸಾಕ್ಷಿಯ ಬಾಯಿಗೆ ಮಾತು ತುರುಕುವ ಹಾಗೂ ಇಲ್ಲ. ಅವರಾಗಿ ಆಡಬೇಕು.

ಮೊದಲ ನಾಲ್ಕು ಅರ್ಥಗಳಿಗೆ ಅವಳು ಅಷ್ಟೇನೂ ತಿಣುಕಬೇಕಾಗಲಿಲ್ಲ. ಒಂದು, ಅಳೆದು ಮುಗಿಸಿದ ಮೇಲೆ ಮಾರುವವನು ಕೈಯಾರೆ ಹಾಕುವ ಹೆಚ್ಚಿನ ಚೂರು. ಎರಡು, ಅದಕ್ಕಾಗಿ ಗಿರಾಕಿ ಮಾಡುವ ಚೌಕಾಸಿ. ಮೂರು, ಹಿಡಿತದಿಂದ ಬಿಡಿಸಿಕೊಳ್ಳಲು ಒದ್ದಾಡುವುದು, ಮಕ್ಕಳು ಕೈ ಕೊಸರಿಕೊಂಡು ಓಡುತ್ತಾರಲ್ಲ, ಹಾಗೆ.

ಮೂರನೆಯದರ ಬಗ್ಗೆ ಸಂಪಾದಕರಿಗೂ ಅವಳಿಗೂ ವಾದ ನಡೆಯಿತು. ಸಂಪಾದಕರು ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು, ಎಲ್ಲರ ಬಾಯಲ್ಲೂ ಮೇಷ್ಟ್ರು. “ಇದು ಬೇರೆ ಪದ ಕಣಮ್ಮ. ಮುಖ ಒಂದೇ ಥರ ಇದೆ ಅಂತ ಅಣ್ಣತಮ್ಮ ಮಾಡೋಕಾಗಲ್ಲ,” ಎಂದರು.

“ಒಂದೇ ಇರಬೇಕು ಮೇಷ್ಟ್ರೇ. ಅಳತೆ ಹಿಡ್ಕೊಂಡಿರುತ್ತೆ, ಅದರ ಕೈಯಿಂದ ಒಂಚೂರು ಬಿಡಿಸ್ಕೊಂಡು ಬರುತ್ತಲ್ಲ, ಅದೇ ಅಲ್ವಾ ಕೊಸರು?”

“ಕಥೆ ಚೆನ್ನಾಗಿದೆ. ಆಧಾರ?”

ಆಧಾರ ಇರಲಿಲ್ಲ. ಮೇಷ್ಟ್ರು ‘ಮೂಲ ಅನಿಶ್ಚಿತ’ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದರು.

ನಾಲ್ಕನೆಯದನ್ನು ಅವಳು ಮಾರುಕಟ್ಟೆಯಿಂದ ಹೆಕ್ಕಿ ತಂದಳು. ಅಲ್ಲಿ ಅವಳಿಗೆ ಪದದಕ್ಕ ಎಂದು ಹೆಸರು.

“ಪದದಕ್ಕ ಬಂದ್ರು, ಬಾಯಿ ಭದ್ರ,” ಎಂದಳು ಸೊಪ್ಪಿನವಳು. “ಹೋದ್ಸಲ ನನ್ನ ಮಗನಿಗೆ ಬೈದಿದ್ದನ್ನ ಬರ್ಕೊಂಡು ಹೋದ್ರು.”

“ಒಳ್ಳೇ ಬೈಗುಳ ಅದು. ಅಚ್ಚಾಗಿದೆ.”

“ಹೌದಾ? ನನ್ನ ಹೆಸರು ಹಾಕಿದೀರಾ?”

“ಸೊಪ್ಪು ಮಾರುವವರು ಅಂತ ಹಾಕಿದೀವಿ.”

“ಸರಿಹೋಯ್ತು. ಇನ್ನು ಈ ಸಾಲಿನ ಸೊಪ್ಪಿನೋರೆಲ್ಲ ನಂದು ನಂದು ಅಂತ ಮೆರೀತಾರೆ.”

ಪಕ್ಕದ ಈರುಳ್ಳಿಯವನು ಚೀಲದ ಮೇಲೆ ಒರಗಿ ತೂಕಡಿಸುತ್ತಿದ್ದ ಭಾವಮೈದನ ಕಡೆ ಕೈ ತೋರಿಸಿದ. “ಇವನನ್ನ ಬರ್ಕೊಳ್ಳಿ. ನನ್ನ ಹೆಂಡತಿ ಜೊತೆ ಕೊಸರು ಬಂದೋನು. ಎಂಟು ವರ್ಷ ಆಯ್ತು, ವಾಪಸ್ ತಗೊಳ್ಳಲ್ಲ ಅಂತಾರೆ ಮಾವ.” ಲೆಕ್ಕಕ್ಕಿಲ್ಲದೆ ಜೊತೆಗೆ ಸೇರಿಕೊಂಡವನು ಎಂದು ಅವಳು ಬರೆದುಕೊಂಡಳು. ಆಚೆ ಸಾಲಿನಲ್ಲಿ ಇನ್ನೊಬ್ಬಳು ಅದೇ ಮಾತನ್ನು ತನ್ನ ನಾದಿನಿಯ ಮೇಲೆ ಹೇಳಿದಳು. ಎರಡು ಮನೆಯಾಯಿತು.

ಅಲ್ಲಿಗೆ ಕಟ್ಟು ಕಟ್ಟಿ ಮೇಷ್ಟ್ರ ಮೇಜಿಗೆ ಇಡಬಹುದಿತ್ತು. ಮಂಗಳವಾರ ಮಧ್ಯಾಹ್ನ ಅವಳು ಇನ್ನೊಂದು ಖಾಲಿ ಚೀಟಿ ಎಳೆದುಕೊಂಡಳು. ಕೈ ತನ್ನ ಪಾಡಿಗೆ ತಾನೇ ಬರೆಯಿತು: ‘ಐದು. ಇಷ್ಟೇ ದಿನ ಎಂದು ಹೇಳಿದ ಗಡುವು ದಾಟಿದ ಮೇಲೂ ಸಿಗುವ ದಿನ. ಪ್ರಯೋಗ: ಇವತ್ತಿಂದೂ ಕೊಸರು.’ ಚೀಟಿಯ ಹಿಂಬದಿಯಲ್ಲಿ ನಾಲ್ಕು ಗೆರೆಗಳಿರುತ್ತವೆ: ಸಾಕ್ಷಿ, ಕಸುಬು, ಮನೆ, ಮೊದಲು ಆಡಿದ್ದು ಯಾರು. ಸಾಕ್ಷಿಯ ಗೆರೆಯ ಮೇಲೆ ತನ್ನ ಹೆಸರನ್ನೂ ನಾಲ್ಕನೆಯ ಗೆರೆಯ ಮೇಲೆ ‘ಮಗುವಿನ ತಂದೆ’ ಎಂದೂ ಬರೆದಳು.

ಅವಳ ಗಂಡ ಬಟ್ಟೆ ಅಂಗಡಿಯಲ್ಲಿ ಅಳೆದು ಕತ್ತರಿಸುವವನು. ಅವರಿಗೆ ಒಬ್ಬಳು ಮಗಳಿದ್ದಳು. ಶಾಲೆ ಬಿಟ್ಟವಳು ಸೀದಾ ಅಂಗಡಿಗೆ ಹೋಗಿ ತುಂಡುಬಟ್ಟೆಗಳ ರಾಶಿಯಲ್ಲಿ ಹುದುಗಿ ಕೂರುತ್ತಿದ್ದಳು, ಅದಕ್ಕೆ ಅಪ್ಪ ಇಟ್ಟ ಹೆಸರು ಚಿಂದಿ. ಕೊಸರು ಎಂಬ ಮಾತು ಮನೆಗೆ ಬಂದದ್ದು ಚಿಂದಿಯ ಬಾಯಲ್ಲೇ. ಅಪ್ಪನ ಹೆಗಲ ಮೇಲೆ ಹತ್ತು ಸುತ್ತು ಆದರೆ ಹನ್ನೊಂದನೆಯದು ಕೊಸರು. ತಲೆಗೆ ಎರೆದು ಮುಗಿದ ಮೇಲೆ ಇನ್ನೊಂದು ಚೊಂಬು ನೀರು, ಅದೂ ಕೊಸರು. ಆರೂವರೆ ವರ್ಷಕ್ಕೆ ರಕ್ತದ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಎಲ್ಲ ಮಾಡಿ ನೋಡಿ, ಡಾಕ್ಟರು ತಿಂಗಳ ಕೊನೆಯವರೆಗೆ ಎಂದರು. ತಿಂಗಳ ಕೊನೆ ಬಂತು, ಹೋಯಿತು. ಮಗು ಇನ್ನೂ ಹತ್ತೊಂಬತ್ತು ದಿನ ಇತ್ತು.

ಆ ಹತ್ತೊಂಬತ್ತರಲ್ಲಿ ಎರಡನೆಯ ದಿನ ಬೆಳಿಗ್ಗೆ ಅವಳು ಬಿಸಿನೀರಿನ ಬೋಗುಣಿ ಹಿಡಿದು ವಾರ್ಡಿನ ಬಾಗಿಲಿಗೆ ಬಂದಾಗ, ಗಂಡ ಮಂಚದ ಅಂಚಿನಲ್ಲಿ ಕುಳಿತು, “ಇವತ್ತಿಂದೂ ಕೊಸರು,” ಎನ್ನುತ್ತಿದ್ದ. ಮಗು ನಗುತ್ತಿತ್ತು. ಬೋಗುಣಿ ಅವಳ ಕೈಯಲ್ಲಿ ತಣ್ಣಗಾಯಿತು. ಇಷ್ಟು ಚಿಕ್ಕ ಮಗುವಿಗೆ ಅವನು ಗಡುವು ಹೇಳಿಬಿಟ್ಟಿದ್ದಾನೆ ಎಂಬುದು ಅವಳಿಗೆ ಆಗ ತಿಳಿಯಿತು.

ಎಲ್ಲ ಮುಗಿಯುವವರೆಗೆ ಅವಳು ತುಟಿ ಪಿಟ್ಟೆನ್ನಲಿಲ್ಲ. ಆಮೇಲೆ ಸುಮ್ಮನಿರಲೂ ಇಲ್ಲ. “ಮಗುಗೆ ದಿನ ಅಳೆದು ತೋರಿಸಿದ್ರಲ್ಲ, ಅವಳೇನು ಬಟ್ಟೆನಾ?” ಎಂದು ಅನ್ನ ಬಡಿಸುತ್ತ ಕೇಳಿದಳು, ಬಾಗಿಲು ತೆಗೆಯುತ್ತ ಕೇಳಿದಳು, ಬೇರೆ ಯಾವುದೋ ಮಾತಿನ ನಡುವೆ ಕೇಳಿದಳು. ಅವನು ಒಂದು ದಿನವೂ ಬಾಯಿ ಬಿಡಲಿಲ್ಲ. ಎರಡು ವರ್ಷ ಕೇಳಿಸಿಕೊಂಡು, ಒಂದು ಭಾನುವಾರ ಹಾಸಿಗೆ ಸುತ್ತಿಕೊಂಡು ಅಂಗಡಿಯ ಮೇಲಿನ ರೂಮಿಗೆ ಹೋದ. ಅದಾಗಿ ಮೂರು ವರ್ಷ. ಕೋರ್ಟು ಕಾಗದ ಎಂದು ಯಾರೂ ಎತ್ತಲಿಲ್ಲ. ಕಚೇರಿಯಲ್ಲಿ ಯಾರಾದರೂ ಕೇಳಿದರೆ, “ಅಂಗಡಿ ಕೆಲಸ ಜಾಸ್ತಿ, ಅಲ್ಲೇ ಉಳ್ಕೋತಾರೆ,” ಎನ್ನುತ್ತಿದ್ದಳು. ಯಾವ ಅರ್ಜಿ ತುಂಬಿದರೂ ಇಬ್ಬರಿಗೂ ಒಂದೇ ಮನೆಯ ನಂಬರು ಬರೆಯುತ್ತಿದ್ದಳು.

ಗಂಡನನ್ನು ಬೈಯಲು ಕಾರಣವಾದ ಮಾತನ್ನೇ ಈಗ ಏಕೆ ಬರೆದೆ ಎಂದು ಅವಳನ್ನು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಮಗುವಿನ ಲಂಗಗಳು ಯಾರ್ಯಾರದೋ ಮಕ್ಕಳಿಗೆ ಹೋಗಿದ್ದವು. ಆಸ್ಪತ್ರೆಯ ಕಡತವನ್ನು ಆಸ್ಪತ್ರೆಯವರೇ ಇಟ್ಟುಕೊಂಡಿದ್ದರು. ಆ ಹತ್ತೊಂಬತ್ತು ದಿನಗಳು ಈ ಲೋಕದಲ್ಲಿ ಇದ್ದವು ಎನ್ನಲು ಅವಳ ಹತ್ತಿರ ಒಂದು ಕಾಗದದ ಚೂರೂ ಇರಲಿಲ್ಲ, ಆ ದಿನಗಳಿಗೆ ಬೇರೆ ಹೆಸರೂ ಇರಲಿಲ್ಲ.

ಚೀಟಿ ಮೊದಲು ಅಕ್ಕನ ಕೈಗೆ ಹೋಯಿತು. ಅಕ್ಕ ಓದಿದಳು, ಕನ್ನಡಕ ಒರೆಸಿಕೊಂಡಳು, ಮತ್ತೆ ಓದಿದಳು. “ಚಿಂದಿದಾ?”

“ಹೂಂ.”

ಅಕ್ಕ ತಾನೇ ಎದ್ದು ಅದನ್ನು ಮೇಷ್ಟ್ರಿಗೆ ಕೊಟ್ಟು ಬಂದಳು. ಮೇಷ್ಟ್ರು ಚೀಟಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. “ಅರ್ಥ ಗಟ್ಟಿಯಾಗಿದೆಯಮ್ಮ. ಇನ್ನೊಂದು ಮನೆ ಬೇಕಲ್ಲ,” ಎಂದರು. “ಶನಿವಾರ ಈ ಹಾಳೆ ಅಚ್ಚಿಗೆ ಹೋಗುತ್ತೆ.”

“ಸಿಗದಿದ್ರೆ?”

ಮೇಷ್ಟ್ರು ಮೂಲೆಯ ತಗಡಿನ ಪೆಟ್ಟಿಗೆಯತ್ತ ನೋಡಿದರು. ಒಂದೇ ಸಾಕ್ಷಿ ಇರುವ ಚೀಟಿಗಳು ಅದಕ್ಕೆ ಬೀಳುತ್ತವೆ, ಅದಕ್ಕೆ ಒಂಟಿ ಪೆಟ್ಟಿಗೆ ಎಂದೇ ಹೆಸರು. ಹತ್ತೊಂಬತ್ತು ವರ್ಷದ ಚಾಕರಿಯಲ್ಲಿ ಅವಳೇ ಅದಕ್ಕೆ ನೂರಾರು ಹಾಕಿದ್ದಳು. ಒಂದೂ ಹೊರಗೆ ಬಂದದ್ದನ್ನು ನೋಡಿರಲಿಲ್ಲ.

ಬುಧವಾರ, ಗುರುವಾರ ಊರು ಸುತ್ತಿದಳು. ಚಪ್ಪಲಿ ಹೊಲಿಯುವವನನ್ನು, ಹಾಲಿನ ಡೈರಿಯವರನ್ನು, ಬಸ್ಸಿನಲ್ಲಿ ಪಕ್ಕ ಕುಳಿತವರನ್ನು ಕೇಳಿದಳು. ಮೊದಲ ನಾಲ್ಕೇ ಬಂದವು. ಕೊನೆಗೆ ಕಾಲು ಅವಳನ್ನು ಯಾವುದೋ ಆಸ್ಪತ್ರೆಯ ಗೇಟಿಗೆ ಕರೆದೊಯ್ದಿತು. ಅಲ್ಲಿ ಬೆಂಚಿನ ಮೇಲೆ ಒಬ್ಬ ಮುದುಕ, ಪಕ್ಕದಲ್ಲಿ ಅವನ ಹೆಂಡತಿ.

“ಎರಡು ವರ್ಷ ಅಂದಿದ್ರು ಡಾಕ್ಟರು,” ಎಂದ ಮುದುಕ, ಹೆಮ್ಮೆಯಿಂದ. “ಈಗ ಆರನೇದು ನಡೀತಿದೆ.”

ಅವಳು ಖಾಲಿ ಚೀಟಿ ತೆಗೆದಳು. “ಹಾಗಾದ್ರೆ ಈ ಮೇಲಿನ ವರ್ಷಗಳಿಗೆ ಏನಂತೀರಿ ತಾತ?”

“ಬೋನಸ್ಸು.”

“ಬೋನಸ್ಸಂತೆ,” ಎಂದಳು ಮುದುಕಿ. “ಅವರಿಗೆ ಬೋನಸ್ಸು, ನನಗೆ ಓವರ್‌ಟೈಮು.”

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಹಳೇ ಕಾಲದಲ್ಲಿ ಇದಕ್ಕೆ ಬೇರೆ ಮಾತಿತ್ತಲ್ಲ ತಾತ ಎಂದು ಒಂದು ಎಳೆ ಎಳೆದಿದ್ದರೆ ಸಾಕು, ಅವನು ಆ ಮಾತನ್ನು ಆಡಿಬಿಡುತ್ತಿದ್ದ. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು. ಮಗುವಿನ ಮಾತಿಗೆ ಕಳ್ಳಸಾಕ್ಷಿ ಕಟ್ಟುವುದು ಅವಳಿಂದಾಗಲಿಲ್ಲ.

ಉಳಿದದ್ದು ಒಂದೇ ಬಾಯಿ. ಶುಕ್ರವಾರ ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿಕೊಂಡು, ಅವಳು ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದಳು. ಹತ್ತುವಾಗಲೇ ಅವಳಿಗೆ ಗೊತ್ತಿತ್ತು: ಅವನು ಬೇರೆ ಮನೆ ಎಂದು ಬರೆದರೆ ಮಾತ್ರ ಚೀಟಿ ಉಳಿಯುತ್ತದೆ. ಮೂರು ವರ್ಷ ಯಾವ ಅರ್ಜಿಯಲ್ಲೂ ಬರೆಯದೆ ಕಾಪಾಡಿಕೊಂಡು ಬಂದದ್ದನ್ನು ಅವನ ಕೈಯಲ್ಲೇ ಬರೆಸಬೇಕು.

ಅವನು ಒಬ್ಬ ಹೆಂಗಸಿಗೆ ಬಟ್ಟೆ ಅಳೆಯುತ್ತಿದ್ದ.

“ಒಗೆದ್ರೆ ಎಳ್ಕೊಳಲ್ವಾ? ಸ್ವಲ್ಪ ಜಾಸ್ತಿ ಬಿಡಿ,” ಎಂದಳು ಗಿರಾಕಿ.

“ಬಿಟ್ಟಿದೀನಿ ತಾಯಿ, ನಾಲ್ಕು ಬೆರಳು.”

“ನಿಮ್ಮ ಬೆರಳು ಸಣ್ಣ.”

“ಹಾಗಾದ್ರೆ ನಿಮ್ಮವೇ ಇಡಿ.”

ಗಿರಾಕಿ ತನ್ನ ದಪ್ಪ ಬೆರಳು ನಾಲ್ಕನ್ನೂ ಅಗಲಿಸಿ ಇಟ್ಟಳು. ಅವನು ಅವುಗಳ ಪಕ್ಕಕ್ಕೇ ಕತ್ತರಿ ಹಾಯಿಸಿದ. ಗಿರಾಕಿ ಹೋದ ಮೇಲೆ ತಲೆ ಎತ್ತಿದವನಿಗೆ ಹೆಂಡತಿ ಕಂಡಳು. ಅವನ ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಕೆಲಸದ ಮೇಲೆ ಬಂದೆ,” ಎಂದಳು.

“ಯಾವ ಅಕ್ಷರ?”

“ಇನ್ನೂ ಕ.”

“ನಮ್ಮ ಮದುವೆ ಹೊತ್ತಿಗೆ ಎ ಇತ್ತು,” ಎಂದ. ಒಂದು ಸ್ಟೂಲು ಎಳೆದು, ಅದರ ಮೇಲಿನ ದಾರದ ಚೂರುಗಳನ್ನು ಕೈಯಿಂದ ಸವರಿ, ಕೂರಲು ಕೊಟ್ಟ.

ಅವಳು ಖಾಲಿ ಚೀಟಿ ತೆಗೆದು ಅಳತೆಯ ಹಲಗೆಯ ಮೇಲಿಟ್ಟಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದಳು. “ಕೊಸರು ಅನ್ನೋ ಮಾತನ್ನ ನೀವು ಹೇಗೆಲ್ಲ ಆಡಿದೀರಿ, ಎಲ್ಲೆಲ್ಲಿ ಕೇಳಿದೀರಿ, ನೆನಪಿದ್ದಷ್ಟು ಹೇಳಿ.”

ಅವನು ನಾಲ್ಕು ಬೆರಳು ತೋರಿಸಿದ. “ಇದು ಒಂದು.” ಗಿರಾಕಿ ಇಳಿದು ಹೋದ ಮೆಟ್ಟಿಲ ಕಡೆ ಗದ್ದ ಎತ್ತಿದ. “ಅವರು ಮಾಡಿದ್ದು ಎರಡು.” ಆಮೇಲೆ ಕತ್ತರಿಯನ್ನು ಸರಿಸಿ ಇಟ್ಟ. ಬಟ್ಟೆಯ ಥಾನನ್ನು ಸುತ್ತಿದ. ಸುತ್ತಿದ್ದನ್ನು ಬಿಚ್ಚಿ ಇನ್ನೊಮ್ಮೆ ಸುತ್ತಿದ.

“ಇನ್ನೊಂದಿದೆ,” ಎಂದ. “ಅದಕ್ಕೇ ಬಂದಿದೀಯ.”

“ನಾನು ಹೇಳ್ಕೊಡೋ ಹಾಗಿಲ್ಲ.”

“ಗೊತ್ತು. ಎರಡು ಮನೆ, ಎರಡು ಬಾಯಿ. ನಿನ್ನ ಜೊತೆ ಇಷ್ಟು ವರ್ಷ ಇದ್ದು ಅಷ್ಟೂ ಗೊತ್ತಿರಲ್ವಾ?”

ಪೆನ್ನು ತೆಗೆದುಕೊಂಡ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಭ್ಯಾಸವಾದ ಕೈ, ಅಕ್ಷರಗಳು ಒಂದೊಂದೂ ದೊಡ್ಡವಾಗಿ ಬಿದ್ದವು. ಅವಳು ಬರೆದ ಅರ್ಥವನ್ನೇ ಬೇರೆ ಮಾತುಗಳಲ್ಲಿ ಬರೆದ. ಎಡಗೈ ಅಡ್ಡವಿಟ್ಟುಕೊಂಡು ಪ್ರಯೋಗ ಬರೆದ. ಚೀಟಿ ತಿರುಗಿಸಿದ. ಸಾಕ್ಷಿ ಎಂದಿದ್ದಲ್ಲಿ ತನ್ನ ಹೆಸರು, ಕಸುಬು ಎಂದಿದ್ದಲ್ಲಿ ಬಟ್ಟೆ ಅಳೆಯುವುದು. ಮನೆ ಎಂಬ ಗೆರೆಯ ಮೇಲೆ ಪೆನ್ನು ನಿಂತಿತು. ಅವಳು ಆ ಪೆನ್ನಿನ ಮೂತಿಯನ್ನೇ ನೋಡುತ್ತಿದ್ದಳು. ಅದು ತಮ್ಮ ಮನೆಯ ನಂಬರು ಬರೆದುಬಿಟ್ಟರೆ ಚೀಟಿ ಪೆಟ್ಟಿಗೆಗೆ ಹೋಗುತ್ತದೆ. ಹೋದರೆ ಹೋಗಲಿ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ, ಬೇಡ, ಆ ನಂಬರು ಬರೆಯದಿರಲಿ ಎನ್ನಿಸಿತು.

‘ಅಂಗಡಿಯ ಮೇಲಿನ ರೂಮು’ ಎಂದು ಬರೆದ.

“ಇದನ್ನ ಬರೀದಿದ್ರೆ ಚೀಟಿ ಉಳಿಯಲ್ಲ, ಅಲ್ವಾ,” ಎಂದ ತಲೆ ಎತ್ತದೆ. ಕೊನೆಯ ಗೆರೆಗೆ ಬಂದ. “ಇದನ್ನ ಬಿಡಬಹುದಾ?”

“ಬಿಡೋ ಹಾಗಿಲ್ಲ.”

“ನೀನೇನು ಬರ್ದಿದೀಯ?”

“ಮಗುವಿನ ತಂದೆ ಅಂತ.”

“ಹಾಗಾದ್ರೆ ನಾನೂ ನಾನೇ ಅಂತ ಬರೀಲಾ?”

“ಹಾಗಾದ್ರೆ ಅಂದ್ರೇನು? ನಿಜ ಬರೀಬೇಕು.”

“ನಿಜ ಬೇಕಾ ನಿನಗೆ?”

“ಚೀಟಿಗೆ ಬೇಕು,” ಎಂದಳು. ಹತ್ತೊಂಬತ್ತು ವರ್ಷದಿಂದ ಎಲ್ಲ ಸಾಕ್ಷಿಗಳಿಗೂ ಹೇಳುತ್ತ ಬಂದ ಮಾತು, ಬಾಯಿಂದ ತಾನಾಗಿ ಬಂತು.

ಅವನು ಒಂದೇ ಪದ ಬರೆದು ಚೀಟಿಯನ್ನು ಅವಳ ಕಡೆ ತಿರುಗಿಸಿದ. ‘ಮಗಳು.’

“ಅವಳಿಗೆ ಹೇಳಿದ್ದು ನೀವು,” ಎಂದಳು.

“ನಾನಲ್ಲ.”

“ನಾನು ಕಿವಿಯಾರೆ ಕೇಳಿದೀನಿ.”

“ನೀನು ಕೇಳಿದ್ದು ಎರಡನೇ ದಿನದ್ದು.” ಅವನು ಸ್ವಲ್ಪ ಹೊತ್ತು ಕತ್ತರಿಯ ಹಿಡಿಯನ್ನು ಉಗುರಿನಿಂದ ಕೆರೆದ. “ಡಾಕ್ಟರು ಹೇಳಿದ ದಿನ ನೀನು ಕಾರಿಡಾರಲ್ಲಿ ನಿಂತು ನಿನ್ನ ತಂಗಿಗೆ ಫೋನ್ ಮಾಡಿದ್ಯಲ್ಲ, ತಿಂಗಳ ಕೊನೆ ತನಕ ಅಂತೆ ಅಂತ. ಬಾಗಿಲು ತೆಗೆದಿತ್ತು. ಅವಳು ನಿದ್ದೆ ಮಾಡಿರ್ಲಿಲ್ಲ. ನಾನು ಒಳಗೆ ಬಂದ ತಕ್ಷಣ ಕ್ಯಾಲೆಂಡರ್ ಬೇಕು ಅಂದ್ಳು. ಬಣ್ಣ ಹಚ್ಚೋಕೆ ಅಂದ್ಕೊಂಡು ತಂದ್ಕೊಟ್ಟೆ.”

ಅವಳ ಕೈ ಸ್ಟೂಲಿನ ಅಂಚನ್ನು ಹುಡುಕಿ ಹಿಡಿಯಿತು.

“ತಿಂಗಳು ಮುಗಿದ ಮಾರನೇ ದಿನ ಕಣ್ಣು ಬಿಟ್ಟವಳೇ ಹೇಳಿದ್ಳು, ಈ ಮಾತು. ನಾನೇನು ಹೇಳ್ಲಿ? ಹೌದು ಮರಿ, ಕೊಸರು ಅಂದೆ. ಮಾರನೇ ದಿನ ಅವಳು ಕೇಳೋಕೆ ಮುಂಚೆ ನಾನೇ ಅಂದೆ. ಆಮೇಲೆ ದಿನಾ ಅಂದೆ. ಅಮ್ಮನಿಗೆ ಹೇಳ್ಬೇಡ, ನನಗೆ ಗೊತ್ತಿರೋದು ಅವಳಿಗೆ ಗೊತ್ತಿಲ್ಲ ಅಂದಿದ್ಳು.”

ಬೀದಿಯಲ್ಲಿ ಒಂದು ಗಾಡಿ ಹಿಂದಕ್ಕೆ ಬರುತ್ತ ಕೀ ಕೀ ಎನ್ನುತ್ತಿತ್ತು.

“ಎರಡು ವರ್ಷ ಬೈಸ್ಕೊಂಡ್ರಲ್ಲ ರೀ. ಯಾಕೆ ಹೇಳ್ಲಿಲ್ಲ?”

“ಹೇಳಿ? ನನ್ನ ಬೈದ್ರೆ ನಿನಗೆ ಎರಡು ತುತ್ತು ಅನ್ನನಾದ್ರೂ ಇಳೀತಿತ್ತು.”

ಅಷ್ಟರಲ್ಲಿ ಒಬ್ಬ ದರ್ಜಿ ಮೆಟ್ಟಿಲು ಹತ್ತಿ ಬಂದು ಅಸ್ತರಿನ ಬಟ್ಟೆ ಕೇಳಿದ. ಅವನು ಎದ್ದು ಥಾನು ಇಳಿಸಿ ಅಳೆದ. ಮೊದಲ ಸಲ ಅಳತೆ ತಪ್ಪಿತು, ಮತ್ತೆ ಅಳೆದ. ದರ್ಜಿ ಹೋಗುವವರೆಗೆ ಅವಳು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು.

“ಮನೆಗೆ ಬನ್ನಿ,” ಎಂದಳು. ಮೂರು ವರ್ಷದಲ್ಲಿ ಮೊದಲ ಸಲ.

“ಈಗ ಬಂದ್ರೆ ಒಂದೇ ಮನೆ ಆಗೋಗುತ್ತಲ್ಲೇ.”

“ಚೀಟಿ ಹಾಳಾಗ್ಲಿ. ನಾಳೆ ಅಚ್ಚಿಗೆ ಹೋದ ಮೇಲೆ ಬನ್ನಿ. ಮುಂದಿನ ವಾರ ಬನ್ನಿ.”

ಅವನು ಹಲಗೆಯ ಮೇಲೆ ಚೆಲ್ಲಿದ್ದ ದಾರಗಳನ್ನು ಒಂದೊಂದಾಗಿ ಹೆಕ್ಕಿದ. “ನೀನು ನನ್ನ ಬೈಯೋದನ್ನ ನೋಡ್ಕೊಂಡು ಇರಬಹುದಿತ್ತು, ಇದ್ದೆ. ಎರಡು ವರ್ಷ ಇದ್ದೆ. ಇನ್ನು ನೀನು ನಿನ್ನನ್ನೇ ಬೈಕೋತೀಯ. ಅನ್ನ ಬಡಿಸ್ತಾ, ಬಾಗಿಲು ತೆಗೀತಾ. ಅದನ್ನ ಎದುರಿಗೆ ಕೂತು ನೋಡೋ ಶಕ್ತಿ ನನಗಿಲ್ಲ ಕಣೇ. ಅದಕ್ಕೇ ಅಲ್ವಾ ಇಷ್ಟು ದಿನ ಹೇಳದೇ ಇದ್ದಿದ್ದು.”

ಅವನು ಹೇಳಿದ್ದು ನಿಜವಾಗಿತ್ತು. ಆ ಬೈಗುಳ ಅವಳೊಳಗೆ ಆಗಲೇ ಶುರುವಾಗಿತ್ತು.

ಶನಿವಾರ ಮೇಷ್ಟ್ರು ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡರು. “ಮೊದಲು ಆಡಿದ್ದು ಯಾರು ಅನ್ನೋದು ಒಂದರಲ್ಲಿ ಒಂದು ಥರ ಇದೆ.”

“ನನ್ನದು ತಪ್ಪು, ಮೇಷ್ಟ್ರೇ.” ಅವಳು ತನ್ನ ಚೀಟಿ ಇಸಿದುಕೊಂಡು, ಬರೆದದ್ದನ್ನು ಹೊಡೆದು ಹಾಕಿ, ಮಗಳು ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದಳು.

“ಇನ್ನೊಂದು ಕೇಳ್ಬೇಕು, ತಪ್ಪು ತಿಳೀಬೇಡಿ. ಗಂಡ ಹೆಂಡತಿ ಅಂದ ಮೇಲೆ ಒಂದೇ ಮನೆ ಅಲ್ವಾ?”

ಏಣಿಯ ಮೇಲಿದ್ದ ಅಕ್ಕ ಖಾನೆ ಎಳೆಯುವುದನ್ನು ನಿಲ್ಲಿಸಿದಳು.

“ಅಲ್ಲ,” ಎಂದಳು ಅವಳು. “ಎರಡು ಮನೆ. ಮೂರು ವರ್ಷದಿಂದ.”

ಮೇಷ್ಟ್ರು ಬೇರೇನೂ ಕೇಳದೆ ಚೀಟಿಗೆ ಮೊಹರು ಒತ್ತಿದರು.

ಮಧ್ಯಾಹ್ನ ಕರಡು ಬಂತು. ಕರಡು ತಿದ್ದುವಾಗ ಒಬ್ಬರು ಚೀಟಿ ನೋಡಿಕೊಂಡು ಗಟ್ಟಿಯಾಗಿ ಓದಬೇಕು, ಚುಕ್ಕೆ, ಗೆರೆ ಒಂದನ್ನೂ ಬಿಡದೆ. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಸಾಲು ಸಾಲಿಗೂ ಸರಿ ಎನ್ನಬೇಕು. ಅಕ್ಕ ಓದಲು ಕುಳಿತಳು. ನಾಲ್ಕು ಅರ್ಥಗಳು ಸರಸರ ಮುಗಿದವು. ಐದನೆಯದಕ್ಕೆ ಬಂದಾಗ ಅಕ್ಕ ಒಮ್ಮೆ ಅವಳ ಮುಖ ನೋಡಿದಳು. ಅವಳು ಹಾಳೆಯಿಂದ ಕಣ್ಣೆತ್ತಲಿಲ್ಲ. ಬಟ್ಟೆ ಅಳೆಯುವವನ ದೊಡ್ಡ ಅಕ್ಷರಗಳನ್ನು ಅಕ್ಕ ತನ್ನ ಎಂದಿನ ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿದಳು.

“ಪ್ರಯೋಗ, ಎರಡು ಚುಕ್ಕೆ. ಅಪ್ಪಾ, ಅಲ್ಪವಿರಾಮ, ನಿನ್ನೆಗೇ ಮುಗೀತಲ್ಲ, ಅಲ್ಪವಿರಾಮ, ನಾನು ಇನ್ನೂ ಇದೀನಿ, ಪೂರ್ಣವಿರಾಮ. ಇವತ್ತಿಂದು ಕೊಸರು, ಪೂರ್ಣವಿರಾಮ.”

ಅವಳ ಬೆರಳು ಸಾಲಿನ ಕೊನೆಗೆ ಬಂದು ನಿಂತಿತ್ತು. ಅಕ್ಕ ಕಾದಳು. ಕರಡಿನಲ್ಲಿ ತಪ್ಪಿರಲಿಲ್ಲ.

“ಸರಿ,” ಎಂದಳು.

ಅಕ್ಕ ಮುಂದಿನ ಚೀಟಿ ತೆಗೆದುಕೊಂಡಳು.